ಕಾಯೋದಕ್ಕೂ ಸಂಬಳ ಕೊಡಬೇಕು

ಆಫೀಸಿನಲ್ಲಿ ನಾನು ವಾರಕ್ಕೊಮ್ಮೆಯಾದರೂ ತೆರೆದು ನೋಡುವ ದಾಖಲೆ ಒಂದಿದೆ. ಅದರ ಹೆಸರು ಟಿಎಸ್ 38.212. ಹೆಸರೇ ಹೀಗಿದ್ದ ಮೇಲೆ ಒಳಗಿರೋದು ಎಷ್ಟು ರಸವತ್ತಾಗಿರಬಹುದು ಅಂತ ನೀವೇ ಊಹಿಸಿ :) 5ಜಿ ಮೊಬೈಲು ಮತ್ತು ಟವರು ಮಾತಾಡಿಕೊಳ್ಳುವಾಗ ಸೊನ್ನೆ-ಒಂದುಗಳನ್ನು ಹೇಗೆ ಕಟ್ಟಿ ಕಳಿಸಬೇಕು ಅನ್ನೋ ನಿಯಮಗಳ ಪುಸ್ತಕ ಅದು. 3ಜಿಪಿಪಿ ಅನ್ನೋ ಅಂತಾರಾಷ್ಟ್ರೀಯ ಕೂಟ ಬರೆದಿದ್ದು. ಪುಟಗಟ್ಟಲೆ ಕೋಷ್ಟಕ, ಪುಟಗಟ್ಟಲೆ ಸಂಖ್ಯೆ. ನನ್ನ ಕೆಲಸ ಆ ಸಂಖ್ಯೆಗಳನ್ನು ನೋಡಿಕೊಂಡು ಸಿ++ನಲ್ಲಿ ಕೋಡ್ ಬರೆಯೋದು, ಬೇರೆಯವರು ಬರೆದ ಕೋಡು ಸರಿ ಇದೆಯಾ ಅಂತ ನೋಡೋದು. ಬೆಂಗಳೂರಿನಲ್ಲಿ ನನ್ನಂಥವರು ಸಾವಿರಾರು ಜನ ಇದ್ದೇವೆ.

ಆ ದಾಖಲೆಯಲ್ಲಿ ವಿಧಾನಗಳಿವೆ, ಅವನ್ನು ಕಂಡುಹಿಡಿದವರ ಕಥೆ ಇಲ್ಲ. ನಿಯಮದ ಪುಸ್ತಕದಲ್ಲಿ ಅದು ಇರೋದೂ ಬೇಡ. ಆದರೆ 5.3.1 ಮತ್ತು 5.3.2 ಅನ್ನೋ ಎರಡು ಅಧ್ಯಾಯಗಳ ಹಿಂದೆ ಒಬ್ಬ ಶಿಷ್ಯ, ಒಬ್ಬ ಗುರು ಕೂತಿದ್ದಾರೆ. 5.3.1 ಶಿಷ್ಯನದು, 5.3.2 ಗುರುವಿನದು. ಇವರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಇವತ್ತು ಬರೆಯೋಕೆ ಕಾರಣ ನಮ್ಮ ಚಿಕ್ಕಪ್ಪನ ಫೋನು. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು, ಈ ಕಟ್ಟುವ ಕೆಲಸ ಯಾಕೆ ಬೇಕು ಅಂತ ನೋಡೋಣ. 2020ರ ಲಾಕ್‌ಡೌನ್‌ನಲ್ಲಿ ನಾನು ಸಾಗರದ ಹತ್ತಿರದ ನಮ್ಮೂರಿಗೆ ಹೋಗಿ ಅಲ್ಲಿಂದಲೇ ಕೆಲಸ ಮಾಡ್ತಿದ್ದೆ. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ತೋಟದ ಮೇಲಿನ ಗುಡ್ಡ ಹತ್ತಿದರೆ ಒಂದು ಕಡ್ಡಿ, ದೇವರು ಒಳ್ಳೆಯವನಾಗಿದ್ದರೆ ಎರಡು. ಮಲೆನಾಡಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ ಬಿಡಿ. ಆ ಒಂದು ಕಡ್ಡಿಯಲ್ಲಿ ಬಂದು ತಲುಪುವ ಸಂಕೇತ ನಿಜಕ್ಕೂ ಹೇಗಿರತ್ತೆ ಗೊತ್ತಾ? ಜಾತ್ರೆಯಲ್ಲಿ ಆಚೆ ದಡದಿಂದ ಯಾರೋ ಕೂಗಿದ ಹಾಗೆ. ಅರ್ಧ ಕೇಳಿಸತ್ತೆ, ಅರ್ಧ ನಾವೇ ಊಹಿಸಿಕೊಳ್ಳಬೇಕು. ಸೊನ್ನೆ ಕಳಿಸಿದ್ದು ಒಂದಾಗಿ, ಒಂದು ಕಳಿಸಿದ್ದು ಸೊನ್ನೆಯಾಗಿ ಬಂದಿರತ್ತೆ. ಆದರೂ ವಾಟ್ಸಾಪಿನಲ್ಲಿ ಬಂದ ಫೋಟೋ ಸರಿಯಾಗಿಯೇ ತೆರೆದುಕೊಳ್ಳತ್ತೆ. ತಪ್ಪು ತಪ್ಪಾಗಿ ಬಂದದ್ದನ್ನು ಮೊಬೈಲೇ ತಿದ್ದಿಕೊಂಡಿರತ್ತೆ.

ಹೇಗೆ ತಿದ್ದಿಕೊಳ್ಳತ್ತೆ? ನಮ್ಮಜ್ಜನ ಕೂಲಿ ಲೆಕ್ಕದ ಪುಸ್ತಕ ನೆನಪಿಸಿಕೊಂಡರೆ ಅರ್ಥ ಆಗತ್ತೆ. ಅಡ್ಡ ಸಾಲಿನಲ್ಲಿ ಆಳುಗಳ ಹೆಸರು, ಮೇಲೆ ವಾರದ ದಿನಗಳು. ಪ್ರತಿ ಸಾಲಿನ ಕೊನೆಗೆ ಆ ಆಳಿನ ಒಟ್ಟು, ಪ್ರತಿ ಕಂಬಸಾಲಿನ ಕೆಳಗೆ ಆ ದಿನದ ಒಟ್ಟು. ಮಳೆನೀರು ಬಿದ್ದು ಒಂದು ಸಂಖ್ಯೆ ಅಳಿಸಿಹೋದರೆ ಅಜ್ಜನಿಗೆ ಚಿಂತೆ ಇಲ್ಲ, ಒಟ್ಟಿನಿಂದ ಉಳಿದದ್ದನ್ನು ಕಳೆದರೆ ಸಿಕ್ಕಿತು. ಒಂದು ಸಂಖ್ಯೆ ತಪ್ಪಾಗಿ ಬರೆದಿದ್ದರೆ? ಒಂದು ಅಡ್ಡಸಾಲು ತಾಳೆಯಾಗಲ್ಲ, ಒಂದು ಕಂಬಸಾಲು ತಾಳೆಯಾಗಲ್ಲ. ಅವೆರಡೂ ಸೇರುವ ಮನೆಯಲ್ಲೇ ತಪ್ಪು ಕೂತಿರತ್ತೆ. ಅಂದರೆ ಲೆಕ್ಕದ ಜೊತೆಗೆ ಒಂದಿಷ್ಟು "ಹೆಚ್ಚುವರಿ" ಬರೆದಿಟ್ಟರೆ ಹಾಳಾದದ್ದನ್ನು ವಾಪಸ್ ಪಡೆಯಬಹುದು. ಮೊಬೈಲು ಮಾಡೋದೂ ಇಷ್ಟೇ. ಪ್ರಶ್ನೆ ಇರೋದು, ಹೆಚ್ಚುವರಿ ಎಷ್ಟು ಬರೆಯಬೇಕು? ಯಾವುದನ್ನು ಯಾವುದರ ಜೊತೆ ಕೂಡಬೇಕು?

1948ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶಾನನ್ ಮೊದಲನೇ ಪ್ರಶ್ನೆಗೆ ಉತ್ತರ ಕೊಟ್ಟ. ಗದ್ದಲ ಇಷ್ಟಿದ್ದರೆ ಇಂತಿಷ್ಟು ವೇಗದವರೆಗೆ ತಪ್ಪನ್ನು ನಮಗೆ ಬೇಕಾದಷ್ಟು ಕಡಿಮೆ ಮಾಡಿ ಕಳಿಸಬಹುದು, ಅದಕ್ಕಿಂತ ಜಾಸ್ತಿ ಯಾರಪ್ಪನ ಕೈಯಲ್ಲೂ ಆಗಲ್ಲ ಅಂತ ಗಣಿತದಿಂದಲೇ ತೋರಿಸಿದ. ಆ ಗಡಿಯನ್ನು ಮುಟ್ಟುವ ಕೋಡ್‌ಗಳು ಇವೆ ಅಂತಲೂ ಸಾಧಿಸಿದ. ಆದರೆ ಅವು ಯಾವುವು ಅಂತ ಹೇಳಲಿಲ್ಲ! ಗುಡ್ಡದಾಚೆ ಊರಿದೆ ಅಂತ ಖಾತ್ರಿ ಮಾಡಿ, ದಾರಿ ಮಾತ್ರ ನೀವೇ ಹುಡುಕಿಕೊಳ್ಳಿ ಅಂದ ಹಾಗೆ.

ದಾರಿ ಹುಡುಕಿದವರಲ್ಲಿ ರಾಬರ್ಟ್ ಗ್ಯಾಲಗರ್ ಒಬ್ಬ. 1960ರಲ್ಲಿ ಎಂಐಟಿಯಲ್ಲಿ ಡಾಕ್ಟರೇಟ್ ಪ್ರಬಂಧ ಕೊಟ್ಟಾಗ ಅವನಿಗೆ 29 ವರ್ಷ. (ಹೆಚ್ಚುಕಮ್ಮಿ ನನ್ನ ವಯಸ್ಸು. ನಾನು ಈ ವಯಸ್ಸಿಗೆ ಏನು ಮಾಡಿದೀನಿ ಅಂತ ದಯವಿಟ್ಟು ಕೇಳಬೇಡಿ.) ಅವನ ಉಪಾಯ ಸರಳ. ಅಜ್ಜನ ಪುಸ್ತಕದಲ್ಲಿ ಇಡೀ ಸಾಲನ್ನು ಕೂಡ್ತೀವಲ್ಲ, ಹಾಗೆ ಮಾಡಬೇಡಿ. ಉದ್ದದ ಸಂದೇಶದಲ್ಲಿ ಅಲ್ಲೊಂದು ಇಲ್ಲೊಂದು ಆರಿಸಿ, ಕೆಲವನ್ನೇ ಕೂಡಿ ತಾಳೆ ನೋಡಿ. ಇಂಥ ಚಿಕ್ಕ ಚಿಕ್ಕ ತಾಳೆಗಳು ನೂರಾರು ಇರಲಿ. ಪ್ರತಿ ಬಿಟ್ಟೂ ಕೆಲವೇ ತಾಳೆಗಳಲ್ಲಿ ಇರಲಿ, ಪ್ರತಿ ತಾಳೆಯಲ್ಲೂ ಕೆಲವೇ ಬಿಟ್‌ಗಳಿರಲಿ. ಲೋ ಡೆನ್ಸಿಟಿ ಪ್ಯಾರಿಟಿ ಚೆಕ್, ಚಿಕ್ಕದಾಗಿ ಎಲ್‌ಡಿಪಿಸಿ ಅನ್ನೋ ಹೆಸರು ಬಂದಿದ್ದು ಇದಕ್ಕೇ.

ಇದರಿಂದ ಏನು ಲಾಭ? ತಪ್ಪು ಹುಡುಕೋದು ಊರ ಪಂಚಾಯಿತಿ ಥರ ಆಗತ್ತೆ. ಪ್ರತಿ ಬಿಟ್ಟು ತಾನಿರುವ ತಾಳೆಗಳನ್ನು ಕೇಳತ್ತೆ, "ನಾನು ಒಂದಾ, ಸೊನ್ನೆಯಾ? ನಿಮಗೇನನ್ನಿಸತ್ತೆ?" ತಾಳೆಗಳು ತಮ್ಮಲ್ಲಿರುವ ಉಳಿದ ಬಿಟ್‌ಗಳನ್ನು ನೋಡಿ "ಬಹುಶಃ ಒಂದು" ಅನ್ನತ್ತವೆ. ಬಿಟ್ಟು ತನ್ನ ಅನುಮಾನವನ್ನ ಸ್ವಲ್ಪ ತಿದ್ದಿಕೊಂಡು ಮತ್ತೆ ಹೇಳತ್ತೆ. ಹೀಗೆ ಸುತ್ತು ಮೇಲೆ ಸುತ್ತು ಪಿಸುಮಾತು ನಡೆದು, ಸಾಮಾನ್ಯವಾಗಿ ಎಲ್ಲರೂ ಒಂದು ತೀರ್ಮಾನಕ್ಕೆ ಬಂದುಬಿಡ್ತಾರೆ. ಒಬ್ಬ ಯಜಮಾನ ಕೂತು ಇಡೀ ಊರಿನ ಲೆಕ್ಕ ನೋಡೋ ಅಗತ್ಯ ಇಲ್ಲ.

ಇಷ್ಟು ಚೆನ್ನಾಗಿರೋದನ್ನ ಜಗತ್ತು ಎತ್ತಿ ಮೆರೆಸಬೇಕಿತ್ತು ಅಲ್ವಾ? ಇಲ್ಲ. ಪ್ರಬಂಧ 1963ರಲ್ಲಿ ಪುಸ್ತಕವಾಯಿತು, ಕಪಾಟು ಸೇರಿತು. ಕಾರಣ ತುಂಬಾ ಸಾದಾ. ಅಷ್ಟೊಂದು ಪಿಸುಮಾತಿಗೆ ಬೇಕಾದಷ್ಟು ಲೆಕ್ಕ ಮಾಡುವ ಯಂತ್ರ ಆಗ ಇರಲಿಲ್ಲ. ಕಂಪ್ಯೂಟರ್ ಅಂದರೆ ಒಂದು ಕೋಣೆ ತುಂಬುವ ವಸ್ತು. ಅದನ್ನ ರೇಡಿಯೋದೊಳಗೆ ತುರುಕೋಕಾಗತ್ತಾ? ಗ್ಯಾಲಗರ್ ಎಂಐಟಿಯಲ್ಲೇ ಮೇಷ್ಟ್ರಾಗಿ ಬೇರೆ ಬೇರೆ ವಿಷಯಗಳ ಕಡೆ ಹೊರಟುಹೋದ. 1981ರಲ್ಲಿ ಮೈಕೆಲ್ ಟ್ಯಾನರ್ ಅನ್ನೋರು ಇದನ್ನ ಚುಕ್ಕಿ-ಗೆರೆಗಳ ಚಿತ್ರವಾಗಿ ಬಿಡಿಸಿ ತೋರಿಸಿದರು. ಆಗಲೂ ಹೆಚ್ಚಿನವರು ತಿರುಗಿ ನೋಡಲಿಲ್ಲ.

1993ರಲ್ಲಿ ಫ್ರಾನ್ಸಿನ ಕ್ಲಾಡ್ ಬೆರು ಮತ್ತು ಜೊತೆಗಾರರು ಜಿನೀವಾದ ಸಮ್ಮೇಳನದಲ್ಲಿ ಟರ್ಬೋ ಕೋಡ್ ಅಂತ ಒಂದನ್ನು ತೋರಿಸಿದರು. ಶಾನನ್ ಗಡಿಯ ಪಕ್ಕದಲ್ಲೇ ಹೋಗಿ ನಿಂತಿದ್ದರು. ಮೊದಮೊದಲು ಪಂಡಿತರಿಗೆ ನಂಬಿಕೆಯೇ ಬರಲಿಲ್ಲ. ಆಮೇಲೆ ತಾವೇ ಮಾಡಿ ನೋಡಿ ಬೆರಗಾದರು. ಅದರ ಗುಟ್ಟೂ ಸುತ್ತು ಮೇಲೆ ಸುತ್ತು ಪಿಸುಗುಟ್ಟೋದೇ. ಆ ಹುರುಪಿನಲ್ಲಿ ಡೇವಿಡ್ ಮಕೈ ಮತ್ತು ರ್‍ಯಾಡ್‌ಫರ್ಡ್ ನೀಲ್ ಅನ್ನೋರು 90ರ ದಶಕದ ಮಧ್ಯದಲ್ಲಿ ಹೊಸದೊಂದು ಕೋಡ್ ಮಾಡಹೊರಟರು. ನೋಡಿದರೆ ಅದು ಮೂವತ್ತು ವರ್ಷಕ್ಕೂ ಹಿಂದೆ ಗ್ಯಾಲಗರ್ ಬರೆದಿಟ್ಟಿದ್ದೇ! ಅಷ್ಟರಲ್ಲಿ ಚಿಪ್ಪುಗಳೂ ಬೆಳೆದಿದ್ದವು. 2003ರಲ್ಲಿ ಉಪಗ್ರಹ ಟೀವಿಯ ಡಿವಿಬಿ-ಎಸ್2 ಮಾನಕ, 2009ರಲ್ಲಿ ವೈಫೈನ 802.11ಎನ್, ಕೊನೆಗೆ 5ಜಿ, ಎಲ್ಲ ಕಡೆಗೂ ಎಲ್‌ಡಿಪಿಸಿ ಬಂತು. ಇವತ್ತು ನೀವು 5ಜಿಯಲ್ಲಿ ವಿಡಿಯೋ ನೋಡ್ತಿದ್ದರೆ, ಆ ಡೇಟಾ ಬರೋದು 1960ರ ಒಬ್ಬ ವಿದ್ಯಾರ್ಥಿಯ ಪ್ರಬಂಧದ ಮೇಲೆ ಕೂತು.

ಇನ್ನು ಶಿಷ್ಯನ ಕಥೆ. ಟರ್ಕಿಯ ಎರ್ದಾಲ್ ಆರಿಕಾನ್ ಎಂಐಟಿಯಲ್ಲಿ ಇದೇ ಗ್ಯಾಲಗರ್ ಹತ್ತಿರ 1985ರಲ್ಲಿ ಪಿಎಚ್‌ಡಿ ಮುಗಿಸಿದವರು. 1987ರಲ್ಲಿ ತಮ್ಮ ದೇಶಕ್ಕೆ ವಾಪಸ್ ಬಂದು ಅಂಕಾರಾದ ಬಿಲ್ಕೆಂಟ್ ವಿಶ್ವವಿದ್ಯಾಲಯ ಸೇರಿದರು. ಶಾನನ್ ಬಿಟ್ಟುಹೋದ ಪ್ರಶ್ನೆಯನ್ನೇ ಹಿಡಿದು ಕೂತರು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಸುಮಾರು ಇಪ್ಪತ್ತು ವರ್ಷ. 2009ರಲ್ಲಿ ಪೋಲಾರ್ ಕೋಡ್ ಅಂತ ಪ್ರಕಟಿಸಿದಾಗ ಅವರ ವಯಸ್ಸು ಐವತ್ತರ ಆಚೆ ಈಚೆ. ಅದರ ತಿರುಳು ಹೀಗಿದೆ. ಒಂದೇ ಥರದ ಸುಮಾರಾದ ದಾರಿಗಳನ್ನು ಜೋಡಿ ಜೋಡಿಯಾಗಿ ಜಾಣತನದಿಂದ ಹೆಣೆದರೆ, ಒಂದು ಸ್ವಲ್ಪ ಉತ್ತಮವಾಗತ್ತೆ, ಇನ್ನೊಂದು ಸ್ವಲ್ಪ ಹಾಳಾಗತ್ತೆ. ಹೆಣೆಯುತ್ತಾ ಹೋದರೆ ಕೊನೆಗೆ ಕೆಲವು ಹೆದ್ದಾರಿಯಂತಾಗತ್ತವೆ, ಉಳಿದವು ಯಾವುದಕ್ಕೂ ಬಾರದಂತಾಗತ್ತವೆ. ಹೆದ್ದಾರಿಯಲ್ಲಿ ಸಂದೇಶ ಕಳಿಸು, ಹಾಳುದಾರಿಯಲ್ಲಿ ಬರೀ ಸೊನ್ನೆ ಕಳಿಸು. ಅಷ್ಟೇ! 38.212ರಲ್ಲಿ ಯಾವ ದಾರಿ ಎಷ್ಟು ಚೆನ್ನಾಗಿದೆ ಅಂತ 1024 ಸಂಖ್ಯೆಗಳ ಒಂದು ಪಟ್ಟಿ ಇದೆ. ನಾನು ಮೊದಲ ಸಲ ಅದನ್ನು ನೋಡಿದಾಗ ಯಾರೋ ಟೆಲಿಫೋನ್ ಡೈರೆಕ್ಟರಿ ಅಂಟಿಸಿದ್ದಾರೆ ಅಂದುಕೊಂಡಿದ್ದೆ :)

2016ರ ಕೊನೆಯಲ್ಲಿ 3ಜಿಪಿಪಿ ಸಭೆಗಳಲ್ಲಿ ಕಂಪನಿಗಳ ನಡುವೆ ದೊಡ್ಡ ಎಳೆದಾಟವೇ ನಡೆದು, ಡೇಟಾಗೆ ಎಲ್‌ಡಿಪಿಸಿ, ನಿಯಂತ್ರಣ ಸಂದೇಶಗಳಿಗೆ ಪೋಲಾರ್ ಅಂತ ತೀರ್ಮಾನ ಆಯಿತು. "ನಿನಗೆ ಡೇಟಾ ಬರ್ತಿದೆ, ಈ ಜಾಗದಲ್ಲಿ ನೋಡು" ಅಂತ ಟವರು ಹೇಳೋದು ಶಿಷ್ಯನ ಕೋಡಿನಲ್ಲಿ, ಡೇಟಾ ಬರೋದು ಗುರುವಿನ ಕೋಡಿನಲ್ಲಿ. ಒಂದೇ ಮೊಬೈಲಿನೊಳಗೆ ಗುರು ಶಿಷ್ಯ ಇಬ್ಬರೂ! ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಂ ಅನ್ನತ್ತೆ.

ಈಗ ಚಿಕ್ಕಪ್ಪನ ಫೋನಿಗೆ ಬರೋಣ. ಚಿಕ್ಕಪ್ಪನ ಮಗಳು 2020ರಲ್ಲಿ ಸೆಕೆಂಡ್ ಪಿಯುಸಿ. ನಾನು ಗುಡ್ಡದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಾಗ ಪಕ್ಕದ ಬಂಡೆ ಮೇಲೆ ಛತ್ರಿ ಬಿಚ್ಚಿಕೊಂಡು ಆನ್‌ಲೈನ್ ಕ್ಲಾಸು ಕೇಳ್ತಿದ್ದವಳು. ಆಮೇಲೆ ಇಂಜಿನಿಯರಿಂಗ್ ಮುಗಿಸಿದಳು, ಬೆಂಗಳೂರಿನಲ್ಲಿ ಒಳ್ಳೆ ಕೆಲಸವೂ ಸಿಕ್ಕಿತು. ಈಗ ಅದನ್ನು ಬಿಟ್ಟು ಪಿಎಚ್‌ಡಿ ಸೇರ್ತೀನಿ ಅಂತಿದ್ದಾಳೆ. ವಿಷಯ, ಕ್ವಾಂಟಂ ಕಂಪ್ಯೂಟರಿನ ತಪ್ಪು ತಿದ್ದುವ ಕೋಡುಗಳು. ಕಡಿಮೆ ಅಂದರೂ ಐದು ವರ್ಷ. ಫೆಲೋಶಿಪ್ಪು ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000.

"ನೋಡು ಮಾರಾಯ, ನೀನೂ ಅದೇ ಲೈನಲ್ಲಿ ಇದೀಯ. ನೀನೇ ಸ್ವಲ್ಪ ಬುದ್ಧಿ ಹೇಳು" ಅಂದರು ಚಿಕ್ಕಪ್ಪ. "ಆ ಕಂಪ್ಯೂಟರೇ ಇನ್ನೂ ಸರಿಯಾಗಿ ಬಂದಿಲ್ಲ ಅಂತಾಳೆ. ಬಾರದೇ ಇರೋ ಯಂತ್ರದ ತಪ್ಪನ್ನ ಈಗಲೇ ತಿದ್ದೋದಂತೆ! ಅದು ಉಪಯೋಗಕ್ಕೆ ಬರೋದು ಯಾವಾಗ?"

ಚಿಕ್ಕಪ್ಪ ತಮಾಷೆಗೆ ಹೇಳಿದ್ದಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೋಟದ ಆದಾಯ ಕಮ್ಮಿಯಾಗಿದೆ. ಮಗಳ ಸಂಬಳದ ಮೇಲೆ ಮನೆಯ ಒಂದಿಷ್ಟು ಲೆಕ್ಕಾಚಾರ ನಿಂತಿದೆ. ಅವರ ಪ್ರಶ್ನೆಗೆ "ವಿಜ್ಞಾನ ದೊಡ್ಡದು ಚಿಕ್ಕಪ್ಪ" ಅಂತ ಭಾಷಣ ಬಿಗಿಯೋದು ಸುಲಭ. ಸಂಬಳ ಬರ್ತಿರೋ ನನ್ನ ಬಾಯಿಂದ ಅದು ಬರೋದು ಇನ್ನೂ ಸುಲಭ.

ಅವಳು ಮಾಡಹೊರಟಿರೋದು ಏನು ಅಂತ ಓದಿ ನೋಡಿದೆ. ಕ್ವಾಂಟಂ ಕಂಪ್ಯೂಟರಿನ ಕ್ಯೂಬಿಟ್‌ಗಳು ಮಹಾ ನಾಜೂಕು, ಸಣ್ಣ ಗದ್ದಲಕ್ಕೂ ಕೆಡತ್ತವೆ. ಅವನ್ನ ನಕಲು ಮಾಡಿ ಇಟ್ಟುಕೊಳ್ಳೋ ಹಾಗಿಲ್ಲ, ಒಳಗೇನಿದೆ ಅಂತ ನೇರ ಇಣುಕೋ ಹಾಗೂ ಇಲ್ಲ. ಇಣುಕಿದರೆ ಇದ್ದದ್ದೂ ಹೋಯ್ತು. ಆದರೆ ಅಜ್ಜನ ಪುಸ್ತಕದ ಸಂಖ್ಯೆಗಳನ್ನು ನೋಡದೇ ಬರೀ "ಒಟ್ಟು ತಾಳೆಯಾಯ್ತಾ?" ಅಂತ ಮಾತ್ರ ಕೇಳಬಹುದು. ಹಾಗಾಗಿ ಒಂದು ನಂಬಿಕಸ್ಥ ಕ್ಯೂಬಿಟ್ ಮಾಡೋಕೆ ತುಂಬಾ ನಾಜೂಕು ಕ್ಯೂಬಿಟ್‌ಗಳನ್ನು ಸೇರಿಸಿ ತಾಳೆ ನೋಡ್ತಾ ಇರಬೇಕು. 2024ರಲ್ಲಿ ಐಬಿಎಂನವರು ನೇಚರ್ ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ಸರ್ಫೇಸ್ ಕೋಡ್ ಅನ್ನೋ ಹಳೇ ವಿಧಾನದಲ್ಲಿ ಹನ್ನೆರಡು ನಂಬಿಕಸ್ಥ ಕ್ಯೂಬಿಟ್‌ಗೆ ಹತ್ತಿರ ಹತ್ತಿರ 3,000 ನಾಜೂಕು ಕ್ಯೂಬಿಟ್ ಬೇಕು. ಅವರ ಹೊಸ ಕೋಡಿನಲ್ಲಿ ಅಷ್ಟೇ ರಕ್ಷಣೆ 288ರಲ್ಲಿ ಸಿಗತ್ತೆ. ಆ ಹೊಸ ಕೋಡಿನ ಜಾತಿ ಯಾವುದು ಗೊತ್ತಾ? ಕ್ವಾಂಟಂ ಎಲ್‌ಡಿಪಿಸಿ! ಅದೇ ಗ್ಯಾಲಗರ್, ಅದೇ ಕೆಲವನ್ನೇ ಕೂಡುವ ತಾಳೆ, ತಪ್ಪು ಹುಡುಕುವಾಗ ಹೆಚ್ಚುಕಮ್ಮಿ ಅದೇ ಪಿಸುಮಾತು. ಕಂಪ್ಯೂಟರ್ ಸಾಲದೆ ಕಪಾಟು ಸೇರಿದ್ದ ಪ್ರಬಂಧ, ಈಗ ಮುಂದಿನ ಕಾಲದ ಕಂಪ್ಯೂಟರನ್ನೇ ಎತ್ತಿ ನಿಲ್ಲಿಸೋಕೆ ಹೊರಟಿದೆ.

ಕಥೆ ಇಲ್ಲಿಗೇ ನಿಲ್ಲಿಸಿದರೆ ಚಂದ. ಆದರೆ ನಿಲ್ಲಿಸೋದು ಸರಿ ಅಲ್ಲ ಅನ್ನಿಸತ್ತೆ. ಯಾಕಂದರೆ ಒಬ್ಬ ಗ್ಯಾಲಗರ್ ಪ್ರಬಂಧ ಕಪಾಟಿನಿಂದ ಎದ್ದು ಬಂತು, ಎದ್ದು ಬಾರದ ಎಷ್ಟೋ ಪ್ರಬಂಧಗಳು ಅದೇ ಕಪಾಟಿನಲ್ಲಿವೆ. ಅವುಗಳ ಕಥೆ ಯಾರೂ ಬರೆಯಲ್ಲ. "ತಾಳ್ಮೆ ಇದ್ದರೆ ಗೆಲ್ತೀಯ" ಅಂತ ತಂಗಿಗೆ ಹೇಳಿದರೆ ಅದು ಲಾಟರಿ ಗೆದ್ದವನ ಫೋಟೋ ತೋರಿಸಿ ಟಿಕೆಟ್ ಮಾರಿದ ಹಾಗೆ.

ನನಗೆ ಕಂಡದ್ದು ಬೇರೆ. ಈ ಕಥೆಯಲ್ಲಿ ಕಾದವರು ಯಾರು? ಪ್ರಬಂಧ ಕಪಾಟಿನಲ್ಲಿದ್ದಾಗ ಗ್ಯಾಲಗರ್‌ಗೆ ಎಂಐಟಿ ಸಂಬಳ ಬರ್ತಾ ಇತ್ತು. ಶಾನನ್‌ಗೆ ಸಂಬಳ ಕೊಟ್ಟಿದ್ದು ಬೆಲ್ ಲ್ಯಾಬ್ಸ್. ಆರಿಕಾನ್ ಒಂದು ಪ್ರಶ್ನೆ ಹಿಡಿದು ಇಪ್ಪತ್ತು ವರ್ಷ ಕೂರೋಕೆ ಆಗಿದ್ದು ಪಾಠ ಮಾಡಲು ಒಂದು ವಿಶ್ವವಿದ್ಯಾಲಯ ಇದ್ದದ್ದರಿಂದ. ತಾಳ್ಮೆ ಆ ಮನುಷ್ಯರದು ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಸಂಬಳ ಕೊಟ್ಟವರದು. ಕಾಯುವ ಖರ್ಚನ್ನು ಅವರ ಮನೆಯವರ ತಲೆ ಮೇಲೆ ಹಾಕಿರಲಿಲ್ಲ.

ನಮ್ಮಲ್ಲಿ? 2020-21ರ ಸರ್ಕಾರಿ ಅಂಕಿ-ಅಂಶದ ಪ್ರಕಾರ ಸಂಶೋಧನೆ-ಅಭಿವೃದ್ಧಿಗೆ ದೇಶ ಖರ್ಚು ಮಾಡಿದ್ದು ಜಿಡಿಪಿಯ ಶೇ. 0.64. ಕೆಲಸ ನಡೀತಾನೇ ಇಲ್ಲ ಅಂತಲ್ಲ. 2022ರ ಅಕ್ಟೋಬರ್ 1ಕ್ಕೆ ಇಲ್ಲಿ 5ಜಿ ಬಂತು, 2023ರಲ್ಲಿ 6ಜಿಗೆ ಅಂತ ಒಂದು ಮುನ್ನೋಟ ಬಂತು. ಅದೇ ವರ್ಷ 6,003 ಕೋಟಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಸಿಕ್ಕಿತು, ಅದರ ಕಂಪ್ಯೂಟಿಂಗ್ ಕೇಂದ್ರ ನಮ್ಮ ಐಐಎಸ್‌ಸಿಯಲ್ಲೇ ಇದೆ. ತಲೆಗೂ ಕೊರತೆ ಇಲ್ಲ. ಪಿ. ವಿಜಯ್ ಕುಮಾರ್ ಅವರು, ಮುಂದೆ ಐಐಎಸ್‌ಸಿಯಲ್ಲಿ ಪ್ರೊಫೆಸರ್ ಆದವರು, 1996ರಲ್ಲಿ ಅಮೆರಿಕದಲ್ಲಿದ್ದಾಗ ಜೊತೆಗಾರರೊಂದಿಗೆ ಬರೆದ ಪ್ರಬಂಧದ ಸಂಖ್ಯಾಸರಣಿಯೇ 3ಜಿಯ ಒಂದು ಭಾಗವಾಯಿತು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ 1 ಲಕ್ಷ ಕೋಟಿಯ ಸಂಶೋಧನಾ ನಿಧಿಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಅದು ಖಾಸಗಿ ವಲಯಕ್ಕೆ, ಅದೂ ಪ್ರಯೋಗಾಲಯದಲ್ಲಿ ಒಂದು ಹಂತ ದಾಟಿ ಮಾರುಕಟ್ಟೆ ಕಡೆ ಮುಖ ಮಾಡಿದ ಕೆಲಸಗಳಿಗೆ. 1960ರ ಗ್ಯಾಲಗರ್ ಅದಕ್ಕೆ ಅರ್ಜಿ ಹಾಕಿದ್ದರೆ ಸಿಗ್ತಿರಲಿಲ್ಲ!

ನಮ್ಮ ಟೀಮಿನಲ್ಲಿ ಕೆಲಸದ ಅಳತೆ ಎರಡು ವಾರ. ಎರಡು ವಾರಕ್ಕೆ ಮುಗಿಯದ್ದನ್ನು ಎರಡು ವಾರದ ತುಂಡು ಮಾಡಿ ಅಂತಾರೆ. ಅದು ತಪ್ಪೇನಲ್ಲ, ಗೊತ್ತಿರೋದನ್ನು ಕಟ್ಟೋಕೆ ಅದೇ ಸರಿ. ಆದರೆ 38.212 ಓದಿ ಕಟ್ಟುವವರು ನಮ್ಮಲ್ಲಿ ಸಾವಿರಾರು ಜನ, 38.212ರೊಳಗೆ ಹೋಗಿ ಕೂರುವಂಥದ್ದನ್ನು ಯೋಚಿಸುವವರು ಬೆರಳೆಣಿಕೆ. ಬುದ್ಧಿ ಕಮ್ಮಿ ಅಂತಲ್ಲ. ಕೂರೋಕೆ ಜಾಗ ಕಮ್ಮಿ.

ಚಿಕ್ಕಪ್ಪನಿಗೆ ನಾನು ಬುದ್ಧಿ ಹೇಳಲ್ಲ ಅಂದೆ. "ಉಪಯೋಗಕ್ಕೆ ಬರತ್ತೋ ಇಲ್ವೋ ಯಾರಿಗೂ ಹೇಳೋಕಾಗಲ್ಲ ಚಿಕ್ಕಪ್ಪ. ಆದರೆ ಕಲಿತದ್ದು ವ್ಯರ್ಥ ಆಗಲ್ಲ, ಐದು ವರ್ಷ ಬಿಟ್ಟು ಬಂದರೂ ಅವಳಿಗೆ ಕೆಲಸ ಸಿಗತ್ತೆ" ಅಂದೆ. ತೋಟದ ಸಾಲದ ಕಂತಿನಲ್ಲಿ ಅವಳು ಕಟ್ಟುತ್ತಿದ್ದ ಪಾಲನ್ನು ಅಲ್ಲಿಯವರೆಗೆ ನಾನು ಕಟ್ತೀನಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ?" ಅಂತ ಕೇಳಿದರು. ತಂಗಿಗೆ ವಿಷಯ ಗೊತ್ತಾದಾಗ "ಅಣ್ಣಾ, ಬೇಡ" ಅಂತ ಜಗಳ ಆಡಿದಳು. ಆಡಲಿ.

ಇದು ಉಪಕಾರ ಅಂತ ಬರೀತಿಲ್ಲ. ನನ್ನ ಸಂಬಳ ಬರೋದೇ ಯಾರೋ ಯಾವತ್ತೋ ಕಪಾಟಿಗೆ ಇಟ್ಟು ಹೋದದ್ದರಿಂದ. ಅದರಲ್ಲಿ ಒಂದು ಚೂರು ಇನ್ನೊಬ್ಬರು ಕಪಾಟಿಗೆ ಇಡೋದಕ್ಕೆ ಹೋದರೆ ಲೆಕ್ಕ ತಾಳೆಯಾಗತ್ತೆ ಅಷ್ಟೇ. ಆದರೆ ಇದನ್ನ ಅಣ್ಣಂದಿರು ಮಾಡಬೇಕಾ, ದೇಶ ಮಾಡಬೇಕಾ ಅನ್ನೋ ಪ್ರಶ್ನೆ ಹಾಗೇ ಉಳಿಯತ್ತೆ. ಅಣ್ಣ ಇಲ್ಲದ ಹುಡುಗಿಯರು ಏನು ಮಾಡಬೇಕು?

ನಿಮ್ಮ ಮನೆಯಲ್ಲಿ, ಗೆಳೆಯರಲ್ಲಿ ಹೀಗೆ ಕೆಲಸ ಬಿಟ್ಟು ಸಂಶೋಧನೆಗೆ ಹೋದವರು ಇದ್ದಾರಾ? ಅವರ ಲೆಕ್ಕ ಹೇಗೆ ತಾಳೆಯಾಯಿತು? ಬರೆದು ತಿಳಿಸಿ. ತಂಗಿಗೂ ಓದಿಸ್ತೀನಿ.